ನಂಬಿಕೆಯ ಲೆಕ್ಕ: ಗೇಣಿ ರಶೀದಿಯಿಂದ ಸಿಬಿಲ್ ಅಂಕದವರೆಗೆ



ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಕೋಟ, ತೆಕ್ಕಟ್ಟೆಗಳನ್ನು ದಾಟಿದರೆ ಕುಂಭಾಶಿ ಸಿಗುತ್ತದೆ. ಹೆದ್ದಾರಿಯನ್ನು ಬಿಟ್ಟು ಸ್ವಲ್ಪ ಏರಿದರೆ ಆನೆಗುಡ್ಡೆ, ಅಲ್ಲಿ ವಿನಾಯಕನ ದೇವಸ್ಥಾನ. ಹೊಸ ಕೆಲಸಕ್ಕೆ ಕೈಹಾಕುವವರು ಮೊದಲು ಈ ಗಣಪತಿಗೆ ಕೈಮುಗಿಯುವುದು ಈ ಸೀಮೆಯ ವಾಡಿಕೆ. ಹೊಸ ಸ್ಕೂಟರು, ಹೊಸ ರಿಕ್ಷಾ, ಹೊಸ ಕಾರುಗಳು ಹೂವಿನ ಹಾರ ಹಾಕಿಕೊಂಡು ಪೂಜೆಗೆ ಬಂದು ನಿಲ್ಲುತ್ತವೆ. ಇಂಥ ವಾಹನಗಳ ನೋಂದಣಿ ಪತ್ರವನ್ನು ಬಿಡಿಸಿ ನೋಡಿದರೆ, ಹೆಚ್ಚಿನವುಗಳಲ್ಲಿ ಮಾಲೀಕನ ಹೆಸರಿನ ಜೊತೆಗೆ ಒಂದು ಬ್ಯಾಂಕಿನ ಅಥವಾ ಹಣಕಾಸು ಕಂಪನಿಯ ಹೆಸರೂ ಇರುತ್ತದೆ. ಅಂದರೆ ವಾಹನದ ಹಿಂದೆ ಒಂದು ಸಾಲ ಇದೆ. ಆ ಸಾಲದ ಹಿಂದೆ ಇನ್ನೊಂದು ಸಂಗತಿ ಇದೆ: ಈ ಮನುಷ್ಯ ಹಣ ಹಿಂದಿರುಗಿಸುತ್ತಾನೆಂದು ಯಾರೋ ಎಲ್ಲೋ ನಂಬಿದ್ದಾರೆ.

ಆ ನಂಬಿಕೆ ಹುಟ್ಟಿದ್ದು ಹೇಗೆ? ಅದನ್ನು ಬರೆದಿಟ್ಟವರು ಯಾರು? ಬರೆದದ್ದು ಸರಿಯೋ ತಪ್ಪೋ ಎಂದು ಸಾಲಗಾರ ನೋಡಬಹುದೇ? ನೋಡುವುದಕ್ಕೆ ದುಡ್ಡು ಕೊಡಬೇಕೇ? ಇಂದಿನ ಭಾಷೆಯಲ್ಲಿ ಇದು ‘ಸಿಬಿಲ್ ಸ್ಕೋರ್’ ಕುರಿತ ಪ್ರಶ್ನೆ. ಆದರೆ ಪ್ರಶ್ನೆ ಮಾತ್ರ ಕಂಪ್ಯೂಟರಿಗಿಂತ ಬಹಳ ಹಳೆಯದು. ನಮ್ಮ ಕರಾವಳಿಯ ಚರಿತ್ರೆಯಲ್ಲಿ ಅದರ ಜಾಡನ್ನು ಹಿಡಿದು ನೋಡೋಣ.

ಊರೇ ಸಾಕ್ಷಿಯಾಗಿದ್ದ ಕಾಲ

ಕುಂಭಾಶಿಯಿಂದ ಹೆಚ್ಚು ದೂರವಿಲ್ಲದ ಬಸ್ರೂರು ಒಂದು ಕಾಲಕ್ಕೆ ಹೆಸರಾಂತ ಬಂದರಾಗಿತ್ತು. ವಿಜಯನಗರದ ಕಾಲದಲ್ಲಿ ಇಲ್ಲಿಂದ ಅಕ್ಕಿ ಸಮುದ್ರದಾಚೆಗೆ ಹೋಗುತ್ತಿತ್ತು. ಪೋರ್ಚುಗೀಸರು ಈ ಬಂದರಿಗಾಗಿ ಹೊಂಚು ಹಾಕಿದರು. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸ್ರೂರಿನ ಮೇಲೆ ದಾಳಿ ಮಾಡಿದನು. ಅಷ್ಟು ಸಂಪತ್ತು ಅಲ್ಲಿ ನೆರೆದಿತ್ತೆಂದ ಮೇಲೆ ಅದು ಕೈಯಿಂದ ಕೈಗೆ ನಗದು ಕೊಟ್ಟು ನಡೆಸುವ ವ್ಯಾಪಾರವಷ್ಟೇ ಆಗಿರಲಿಲ್ಲ. ಹಡಗು ಹೊರಟು ಮರಳಿ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಆವರೆಗೆ ನಡುವೆ ನಿಲ್ಲುವುದು ಮಾತು ಒಂದೇ. ಮಾತು ತಪ್ಪಿದ ವರ್ತಕನಿಗೆ ಪೇಟೆಯಲ್ಲಿ ಮತ್ತೆ ಯಾರೂ ಸರಕು ಕೊಡುತ್ತಿರಲಿಲ್ಲ. ಅದೇ ಆ ಕಾಲದ ‘ಅಂಕ’.

ಹಳ್ಳಿಯಲ್ಲಿಯೂ ಇದೇ ಕ್ರಮ. ಮಳೆಗಾಲ ಹತ್ತಿರವಾದಂತೆ ಬೀಜದ ಭತ್ತಕ್ಕೆ, ಮನೆಯ ಅಕ್ಕಿಗೆ ಕೈಗಡ ಬೇಕು. ಕಾರ್ತಿ ಬೆಳೆಯ ಕೊಯ್ಲಿನ ಮೇಲೆ ತೀರಿಸುವ ಮಾತು. ಮಗಳ ಮದುವೆಗೋ ಕಾಯಿಲೆಗೋ ಚಿನ್ನ ಅಡವಿಡಬೇಕು. ದಿನಬಳಕೆಯ ಉಪ್ಪು, ಮೆಣಸು, ಸೀಮೆಎಣ್ಣೆಗೆ ಜಿನಸಿನ ಅಂಗಡಿಯಲ್ಲಿ ಉದ್ದರಿ ಬರೆಸಬೇಕು. ಅಂಗಡಿಯವನು ಯಾರ ಜಾತಕವನ್ನೂ ಕೇಳುತ್ತಿರಲಿಲ್ಲ; ಎಲ್ಲರ ಮನೆಯೂ ಅವನಿಗೆ ಗೊತ್ತು. ಇಂಥವನ ಅಪ್ಪ ಸಾಲ ತೀರಿಸಿದ್ದ, ಇವನೂ ತೀರಿಸುತ್ತಾನೆ ಎಂಬ ಲೆಕ್ಕ ಅವನ ತಲೆಯಲ್ಲಿತ್ತು. ದೀಪಾವಳಿಯ ಅಂಗಡಿ ಪೂಜೆಯ ದಿನ ಹೊಸ ಪುಸ್ತಕಕ್ಕೆ ಅರಶಿನ ಕುಂಕುಮ ಹಚ್ಚಿ, ಹಳೆಯ ಬಾಕಿಯನ್ನು ಅದಕ್ಕೆ ಏರಿಸುತ್ತಿದ್ದ.

ಈ ವ್ಯವಸ್ಥೆಯಲ್ಲಿ ಒಂದು ಒಳ್ಳೆಯದಿತ್ತು: ಮನುಷ್ಯನನ್ನು ಕಂಡು ಸಾಲ ಕೊಡುತ್ತಿದ್ದರು. ಒಂದು ದೊಡ್ಡ ಕೆಡುಕೂ ಇತ್ತು: ಪುಸ್ತಕ ಇದ್ದದ್ದು ಸಾಲ ಕೊಟ್ಟವನ ಕೈಯಲ್ಲಿ. ಓದು ಬರಹ ಬಾರದ ಸಾಲಗಾರನಿಗೆ ಅದರಲ್ಲಿ ಏನು ಬರೆದಿದೆಯೆಂದು ತಿಳಿಯುವ ದಾರಿಯೇ ಇರಲಿಲ್ಲ. ಸಾಲ ಕೊಡುವಾಗಲೇ ಬಡ್ಡಿಯನ್ನು ಮುರಿದುಕೊಳ್ಳುವುದು, ಕೊಡುವಾಗ ಒಂದು ಅಳತೆ ತೆಗೆದುಕೊಳ್ಳುವಾಗ ಇನ್ನೊಂದು ಅಳತೆ, ಕೊಟ್ಟದ್ದನ್ನು ಜಮೆ ಮಾಡಲು ‘ಮರೆಯುವುದು’ ಇವೆಲ್ಲ ದೇಶದ ಉದ್ದಗಲಕ್ಕೂ ಕೇಳಿಬಂದ ದೂರುಗಳು. ಮರೆಮಾಚಿದ ಶುಲ್ಕ ಎಂಬುದು ನಮ್ಮ ಕಾಲದ ಆವಿಷ್ಕಾರವಲ್ಲ ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಬೇಕು.

ಕಾಗದ ಯಾರ ಕೈಯಲ್ಲಿ?

ಲೆಕ್ಕದ ಕಾಗದ ಯಾರ ಕೈಯಲ್ಲಿದೆ ಎಂಬುದು ಎಷ್ಟು ದೊಡ್ಡ ಮಾತು ಎಂಬುದನ್ನು ಕರಾವಳಿಯ ಜನ ಭೂಸುಧಾರಣೆಯ ಕಾಲದಲ್ಲಿ ಕಂಡುಕೊಂಡರು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಗೇಣಿ ಪದ್ಧತಿ ಬಲವಾಗಿತ್ತು. ಮೂಲಗೇಣಿಯ ಒಕ್ಕಲಿಗೆ ಶಾಶ್ವತ ಹಕ್ಕು. ಚಾಲಗೇಣಿಯ ಒಕ್ಕಲಿಗೆ ಅಂಥ ಭದ್ರತೆ ಇಲ್ಲ. ಧಣಿಯ ಅಂಗಳಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಗೇಣಿ ಅಳೆಯಬೇಕು. ಅಳೆದದ್ದಕ್ಕೆ ಕೆಲವರು ರಶೀದಿ ಕೊಡುತ್ತಿದ್ದರು, ಕೆಲವರು ಕೊಡುತ್ತಿರಲಿಲ್ಲ.

ದೇವರಾಜ ಅರಸು ಅವರ ಸರಕಾರದ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಉಳುವವನು ಒಡೆಯನಾಗಲು ನಮೂನೆ 7ರಲ್ಲಿ ಅರ್ಜಿ ಹಾಕಬೇಕಾಯಿತು. ಭೂನ್ಯಾಯ ಮಂಡಳಿಯ ಮುಂದೆ ‘ನಾನು ಈ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದೆ’ ಎಂದು ತೋರಿಸಬೇಕಾಯಿತು. ಪೆಟ್ಟಿಗೆಯ ತಳದಲ್ಲಿ ಗೇಣಿ ಚೀಟಿ, ರಶೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡವನ ಕೆಲಸ ಹಗುರವಾಯಿತು. ಕಾಗದವಿಲ್ಲದವನು ನೆರೆಕರೆಯವರ ಸಾಕ್ಷಿಯನ್ನು ನಂಬಬೇಕಾಯಿತು. ವರ್ಷವರ್ಷವೂ ತಪ್ಪದೆ ಗೇಣಿ ಕೊಟ್ಟಿದ್ದರೂ, ಕೊಟ್ಟದ್ದಕ್ಕೆ ತನ್ನ ಕೈಯಲ್ಲಿ ಗುರುತಿಲ್ಲದವನು ಇಕ್ಕಟ್ಟಿಗೆ ಸಿಕ್ಕಿಕೊಂಡ. ಪ್ರಾಮಾಣಿಕನಾಗಿದ್ದರೆ ಸಾಲದು, ಪ್ರಾಮಾಣಿಕತೆಯ ದಾಖಲೆ ತನ್ನ ಕಣ್ಣಿಗೂ ಕಾಣುವಂತಿರಬೇಕು ಎಂಬ ಪಾಠ ಇದು. ಇಂದಿನ ನಮ್ಮ ವಿಷಯದ ತಿರುಳೂ ಇದೇ.

ಬ್ಯಾಂಕುಗಳ ತೊಟ್ಟಿಲು

ಲೆಕ್ಕದ ಪುಸ್ತಕವನ್ನು ಜನಸಾಮಾನ್ಯರ ಕೈಗೆ ಕೊಟ್ಟ ಕೆಲಸವನ್ನೂ ಇದೇ ಕರಾವಳಿ ಮಾಡಿತು ಎಂಬುದು ಅಭಿಮಾನದ ಸಂಗತಿ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪಿಸಿದರು. ಮುಂದೆ ಅದು ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಆರಂಭಿಸಿದ ಹಿಂದೂ ಪರ್ಮನೆಂಟ್ ಫಂಡ್ ಇಂದಿನ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರ ವಿಜಯಾ ಬ್ಯಾಂಕ್ ಹುಟ್ಟಿದವು. ಸಹಕಾರ ರಂಗದಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘವನ್ನು ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ ಕಾರಣರಾದರು. ಅವರ ಹೆಸರಿನಲ್ಲಿರುವ ಮೊಳಹಳ್ಳಿ ನಮ್ಮ ಕುಂದಾಪುರ ಸೀಮೆಯ ಊರು.

ಇವುಗಳಲ್ಲಿ ನಮ್ಮ ವಿಷಯಕ್ಕೆ ಅತಿ ಮುಖ್ಯವಾದದ್ದು ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಯೋಜನೆ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಅವರು ಸೇರಿ 8,000 ರೂಪಾಯಿ ಬಂಡವಾಳದಿಂದ ಕಟ್ಟಿದ ಸಂಸ್ಥೆ ಅದು. 1928ರಲ್ಲಿ ಬಂದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ 2 ಆಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಸಂಗ್ರಹಿಸುತ್ತಿದ್ದರು. ನೇಕಾರರು, ಮೀನು ಮಾರುವವರು, ಬೀಡಿ ಕಟ್ಟುವವರು, ಹೋಟೆಲಿನ ಮಾಣಿಗಳು, ಹೀಗೆ ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಬಳಿಗೆ ಬ್ಯಾಂಕೇ ನಡೆದು ಬಂತು. ಕಟ್ಟಿದ ಹಣದ ಗುರುತು ಕಟ್ಟಿದವರ ಕೈಯಲ್ಲಿ ಉಳಿಯಿತು. ಸಣ್ಣ ಮೊತ್ತವಾದರೂ ತಪ್ಪದೆ ಕಟ್ಟುವವನು ಎಂಬ ಹೆಸರು ಪುಸ್ತಕದಲ್ಲಿ ಮೂಡಿತು. ಅಲ್ಲಿಯವರೆಗೆ ಧಣಿಯ ಮನಸ್ಸಿನಲ್ಲಿ, ಅಂಗಡಿಯವನ ತಲೆಯಲ್ಲಿ ಇದ್ದ ‘ಯೋಗ್ಯತೆ’ ಈಗ ಬಡವನೂ ತೆರೆದು ನೋಡಬಹುದಾದ ಪುಟವಾಯಿತು.

ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು 1969ರ ಜುಲೈ 19ರಂದು, ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣಗೊಂಡವು. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು ರಾಷ್ಟ್ರದ ಸೊತ್ತಾದವು. ಬಳಿಕ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿಯೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಬ್ಯಾಂಕು ದೊಡ್ಡದಾದಂತೆ ಪರಿಚಯ ಸಣ್ಣದಾಯಿತು. ಹೊರ ರಾಜ್ಯದಿಂದ ವರ್ಗವಾಗಿ ಬಂದ ಮ್ಯಾನೇಜರರಿಗೆ ಕುಂಭಾಶಿಯ ಇಂಥ ಮನೆಯ ಇಂಥವರು ಎಂದರೆ ಏನು ತಿಳಿಯಬೇಕು? ಕುಂದಾಪುರದ ಹುಡುಗ ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಹೋಟೆಲು ತೆರೆಯಲು ಸಾಲ ಕೇಳಿದರೆ ಅಲ್ಲಿಯ ಬ್ಯಾಂಕಿಗೆ ಅವನನ್ನು ಬಲ್ಲವರು ಯಾರು? ಅಪರಿಚಿತರ ನಡುವೆ ನಂಬಿಕೆಯನ್ನು ಸಾಗಿಸುವ ಹೊಸ ಸಾಧನ ಬೇಕಾಯಿತು.

ಹೊರದೇಶದ ದಪ್ಪ ಪುಸ್ತಕಗಳು

ಇಂಥ ಸಾಧನ ಮೊದಲು ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. 1837ರ ಆರ್ಥಿಕ ಕುಸಿತದಲ್ಲಿ ಕೈಸುಟ್ಟುಕೊಂಡ ಲೂಯಿಸ್ ಟಪ್ಪನ್ ಎಂಬ ವರ್ತಕ 1841ರಲ್ಲಿ ನ್ಯೂಯಾರ್ಕಿನಲ್ಲಿ ಮರ್ಕೆಂಟೈಲ್ ಏಜೆನ್ಸಿ ತೆರೆದ. ಊರೂರಿನ ಬಾತ್ಮೀದಾರರು ಅಲ್ಲಲ್ಲಿಯ ವ್ಯಾಪಾರಿಗಳ ನಡತೆ, ಆಸ್ತಿ, ಸಾಲ ತೀರಿಸುವ ರೀತಿಗಳನ್ನು ಬರೆದು ಕಳಿಸುತ್ತಿದ್ದರು. ಚಂದಾ ಕೊಟ್ಟ ವರ್ತಕರಿಗೆ ಮಾತ್ರ ಆ ವಿವರ ಸಿಗುತ್ತಿತ್ತು. ಯಾರ ಬಗ್ಗೆ ಬರೆದಿತ್ತೋ ಅವನಿಗೆ ಅದನ್ನು ನೋಡುವ ಹಕ್ಕಿರಲಿಲ್ಲ.

1899ರಲ್ಲಿ ಅಟ್ಲಾಂಟಾ ನಗರದಲ್ಲಿ ರಿಟೇಲ್ ಕ್ರೆಡಿಟ್ ಕಂಪನಿ ಹುಟ್ಟಿತು. ಇಂದಿನ ಈಕ್ವಿಫ್ಯಾಕ್ಸ್ ಅದರ ಮುಂದಿನ ರೂಪ. ಅಂಥ ಕಂಪನಿಗಳು ಸಾಮಾನ್ಯ ಜನರ ಖಾಸಗಿ ಬದುಕಿನ ಗಾಳಿಮಾತುಗಳನ್ನೂ ಕಡತದಲ್ಲಿ ತುಂಬುತ್ತವೆ ಎಂಬ ಕೂಗೆದ್ದಾಗ, 1970ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ತನ್ನ ಕಡತದಲ್ಲಿರುವುದನ್ನು ತಿಳಿಯುವ, ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು ಪ್ರಜೆಗೆ ಕೊಟ್ಟಿತು. ಬಿಲ್ ಫೇರ್, ಅರ್ಲ್ ಐಸಾಕ್ ಎಂಬ ಇಬ್ಬರು 1956ರಲ್ಲಿ ಕಟ್ಟಿದ ಕಂಪನಿ ಕಡತದ ವಿವರಗಳನ್ನೆಲ್ಲ ಗಣಿತದಿಂದ ಒಂದೇ ಸಂಖ್ಯೆಗೆ ಇಳಿಸುವ ಹಾದಿ ಹಿಡಿಯಿತು. 1989ರಿಂದ ಆ ಸಂಖ್ಯೆ ಅಮೆರಿಕದಲ್ಲಿ ಸಾರ್ವತ್ರಿಕವಾಗತೊಡಗಿತು. 2003ರ ಕಾನೂನು ವರ್ಷಕ್ಕೊಮ್ಮೆ ಉಚಿತ ವರದಿಯ ಹಕ್ಕನ್ನು ಕೊಟ್ಟಿತು.

ಆದರೆ ಹಕ್ಕು ಬಂದ ಕೂಡಲೇ ಅದರ ನೆರಳಿನಲ್ಲಿ ಒಂದು ವ್ಯಾಪಾರವೂ ಬಂತು. ‘ಉಚಿತ ವರದಿ’ ಎಂದು ಜಾಹೀರಾತು ಕೊಟ್ಟು, ನೋಡಲು ಬಂದವರನ್ನು ಸರಿಯಾಗಿ ತಿಳಿಸದೆ ವರ್ಷಕ್ಕೆ 79.95 ಡಾಲರಿನ ಕಾವಲು ಸೇವೆಗೆ ಸೇರಿಸಲಾಗುತ್ತಿದೆ ಎಂಬ ಆರೋಪವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎಕ್ಸ್‌ಪೀರಿಯನ್ ಸಮೂಹದ ಒಂದು ಕಂಪನಿಯ ಮೇಲೆ ಹೊರಿಸಿತು. 2005ರ ರಾಜಿಯಲ್ಲಿ ಆ ಕಂಪನಿ 9,50,000 ಡಾಲರು ತೆತ್ತು, ಗ್ರಾಹಕರಿಗೆ ಹಣ ಮರಳಿಸಲು ಒಪ್ಪಿತು. 2017ರ ಜನವರಿಯಲ್ಲಿ ಇಂಥದೇ ದೂರಿನ ಮೇಲೆ, ಗ್ರಾಹಕರಿಗೆ 1.76 ಕೋಟಿ ಡಾಲರಿಗೂ ಹೆಚ್ಚು ಮರಳಿಸಬೇಕೆಂದು ಟ್ರಾನ್ಸ್‌ಯೂನಿಯನ್ ಮತ್ತು ಈಕ್ವಿಫ್ಯಾಕ್ಸ್ ಕಂಪನಿಗಳಿಗೆ ಆದೇಶವಾಯಿತು. ಕಾನೂನು ಬಾಗಿಲು ತೆರೆದರೂ ಬಾಗಿಲಲ್ಲಿ ಬುಟ್ಟಿ ಹಿಡಿದು ಕೂರುವವರು ಇರುತ್ತಾರೆ ಎಂಬುದಕ್ಕೆ ಇವು ನಿದರ್ಶನ.

ನಮ್ಮ ದೇಶದಲ್ಲಿ

ಭಾರತದಲ್ಲಿ ಸಾಲದ ಮಾಹಿತಿಯನ್ನು ಒಂದೆಡೆ ಸೇರಿಸುವ ಬಗ್ಗೆ ರಿಸರ್ವ್ ಬ್ಯಾಂಕ್ 1999ರಲ್ಲಿ ಎನ್.ಎಚ್. ಸಿದ್ದಿಕಿ ಅವರ ಅಧ್ಯಕ್ಷತೆಯಲ್ಲಿ ಕಾರ್ಯತಂಡ ರಚಿಸಿತು. 2000ದಲ್ಲಿ ಮುಂಬಯಿಯಲ್ಲಿ ಕ್ರೆಡಿಟ್ ಇನ್‌ಫರ್ಮೇಷನ್ ಬ್ಯೂರೋ, ಅಂದರೆ ಸಿಬಿಲ್ ಸ್ಥಾಪನೆಯಾಯಿತು. 2004ರಿಂದ ವ್ಯಕ್ತಿಗಳ ಸಾಲದ ವಿವರವನ್ನು ಬ್ಯಾಂಕುಗಳಿಗೆ ಕೊಡಲಾರಂಭಿಸಿತು. 2005ರಲ್ಲಿ ಸಂಸತ್ತು ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ತನ್ನ ವರದಿಯ ಪ್ರತಿ ಪಡೆಯುವ, ತಪ್ಪನ್ನು ತಿದ್ದಿಸುವ ಹಕ್ಕು ಸಾಲಗಾರನಿಗೆ ದೊರೆತದ್ದು ಈ ಕಾಯಿದೆಯಿಂದ. 2010ರಲ್ಲಿ ಇನ್ನೂ ಮೂರು ಕಂಪನಿಗಳಿಗೆ ಪರವಾನಿಗೆ ಸಿಕ್ಕಿತು. ಹೀಗೆ ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿ.ಆರ್.ಐ.ಎಫ್. ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳಾದವು. ಜನ ನಾಲ್ಕರ ಅಂಕವನ್ನೂ ‘ಸಿಬಿಲ್’ ಎಂದೇ ಕರೆಯುವುದುಂಟು.

ಆದರೆ ಹಕ್ಕಿಗೆ ಬೆಲೆ ಇತ್ತು. ಅಂಕ ಸಹಿತವಾದ ವರದಿ ಬೇಕಾದವರು ನೂರಾರು ರೂಪಾಯಿ ಕೊಡಬೇಕಾಗಿತ್ತು. ಹಣ ಉಳ್ಳವನಿಗೆ ಅದು ದೊಡ್ಡದಲ್ಲ. ಸಾಲಕ್ಕಾಗಿ ಅಲೆಯುವವನಿಗೆ ದೊಡ್ಡದು. 2016ರ ಸೆಪ್ಟೆಂಬರ್ 1ರಂದು ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ಸಾಲದ ಇತಿಹಾಸವಿರುವ ಪ್ರತಿಯೊಬ್ಬ ವ್ಯಕ್ತಿಗೂ ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ, ಅಂಕವೂ ಸೇರಿದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು ಎಂಬುದು ಅದರ ಸಾರ. 2017ರ ಜನವರಿ 1ರಿಂದ ಅದು ಜಾರಿಗೆ ಬಂತು. ಪಿಗ್ಮಿಯ ಪುಸ್ತಕದಂತೆ ಈ ಪುಟವೂ ಕೊನೆಗೆ ಅದರ ಒಡೆಯನ ಕೈಗೆ ಬಂತು.

ಅಂಕದ ಒಳಗೇನಿದೆ?

ಸಾಮಾನ್ಯವಾಗಿ ಅಂಕ 300ರಿಂದ 900ರ ನಡುವೆ ಇರುತ್ತದೆ. ಹೆಚ್ಚು ಇದ್ದಷ್ಟೂ ಒಳ್ಳೆಯದು. ಕಂತುಗಳನ್ನು ದಿನಾಂಕಕ್ಕೆ ಸರಿಯಾಗಿ ಕಟ್ಟಿದ್ದೀರಾ, ಕ್ರೆಡಿಟ್ ಕಾರ್ಡಿನ ಮಿತಿಯಲ್ಲಿ ಎಷ್ಟು ಬಳಸಿದ್ದೀರಿ, ಎಷ್ಟು ವರ್ಷದ ಇತಿಹಾಸವಿದೆ, ಇತ್ತೀಚೆಗೆ ಎಷ್ಟು ಕಡೆ ಸಾಲಕ್ಕೆ ಅರ್ಜಿ ಹಾಕಿದ್ದೀರಿ ಎಂಬುವು ಇದರಲ್ಲಿ ಮುಖ್ಯ. ಬ್ಯಾಂಕುಗಳು, ಹಣಕಾಸು ಕಂಪನಿಗಳು ಕಳಿಸುವ ವಿವರವೇ ಇದಕ್ಕೆ ಆಧಾರ. ಜಿನಸಿನ ಅಂಗಡಿಯ ಉದ್ದರಿಯಾಗಲಿ, ನೆರೆಮನೆಯ ಕೈಗಡವಾಗಲಿ ಇದರಲ್ಲಿ ಬರುವುದಿಲ್ಲ. ಊರಿನಲ್ಲಿ ಎಷ್ಟೇ ಮರ್ಯಾದಸ್ಥನಾದರೂ ಬ್ಯಾಂಕಿನ ಸಾಲವನ್ನೇ ಮಾಡದವನಿಗೆ ಅಂಕವೇ ಇರುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಮೂರು ಮಾತುಗಳನ್ನು ತಿಳಿದಿರಬೇಕು. ಮೊದಲನೆಯದು, ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಯ ಜೊತೆಗೆ ತಂದೆಯೋ ತಾಯಿಯೋ ಸಹಸಾಲಗಾರರಾಗಿರುತ್ತಾರೆ. ಕಂತು ತಪ್ಪಿದರೆ ಇಬ್ಬರ ಲೆಕ್ಕಕ್ಕೂ ಕಲೆ ಬೀಳುತ್ತದೆ. ಗೆಳೆಯನ ಸಾಲಕ್ಕೆ ಜಾಮೀನು ಹಾಕಿದವರಿಗೂ ಇದೇ ಮಾತು. ಎರಡನೆಯದು, ಇತಿಹಾಸ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿಯ ಸಾಲಗಾರರ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯ ನಿರ್ದೇಶನದಲ್ಲಿ ಹೇಳಿತು. ಶಿಕ್ಷಣ ಸಾಲವನ್ನು ಕಡಿಮೆ ಅಂಕದ ನೆಪದಲ್ಲಿ ನಿರಾಕರಿಸುವಂತಿಲ್ಲವೆಂದು ಕೇರಳ ಹೈಕೋರ್ಟ್ 2023ರಲ್ಲಿ ಒಂದು ಪ್ರಕರಣದಲ್ಲಿ ಅಭಿಪ್ರಾಯಪಟ್ಟಿತು. ಮೂರನೆಯದು, ತನ್ನ ವರದಿಯನ್ನು ತಾನೇ ನೋಡಿದರೆ ಅಂಕ ಇಳಿಯುತ್ತದೆಂಬ ಭಯ ಹಲವರಲ್ಲಿದೆ. ಅದು ತಪ್ಪು. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ನೋಡುವುದು ಬೇರೆ, ಒಡೆಯನೇ ನೋಡಿಕೊಳ್ಳುವುದು ಬೇರೆ.

‘ಉಚಿತ’ ಎಂಬ ಬಾಗಿಲಿನ ಹಿಂದೆ

ಈಗ ಮುಖ್ಯ ಪ್ರಶ್ನೆ: ಹಣ ಕಳೆದುಕೊಳ್ಳದೆ ನೋಡುವುದು ಹೇಗೆ? ಮೊಬೈಲಿನಲ್ಲಿ ‘ಉಚಿತ ಅಂಕ’ ಎಂದು ಹುಡುಕಿದರೆ ಹತ್ತಾರು ಬಾಗಿಲು ತೆರೆಯುತ್ತವೆ. ಕೆಲವು ಅಂಕವನ್ನು ತೋರಿಸಿ, ಪೂರ್ಣ ವರದಿಗೆ ಹಣ ಕೇಳುತ್ತವೆ. ಕೆಲವು ‘ಮೊದಲ ತಿಂಗಳು ಉಚಿತ’ ಎಂದು ಕಾರ್ಡಿನ ಸಂಖ್ಯೆ ಪಡೆದು, ಎರಡನೆಯ ತಿಂಗಳಿನಿಂದ ಹಣ ಮುರಿಯುತ್ತವೆ. ಕೆಲವು ಹಣ ಕೇಳುವುದಿಲ್ಲ. ಬದಲಿಗೆ ನಿಮ್ಮ ವಿವರವನ್ನು ಸಾಲ ಮಾರುವವರಿಗೆ ಕೊಡಲು ಒಪ್ಪಿಗೆ ಪಡೆಯುತ್ತವೆ. ಆಮೇಲೆ ಹೊತ್ತುಗೊತ್ತಿಲ್ಲದೆ ಫೋನು ಬರುತ್ತದೆ. ಧಣಿಯ ಎರಡು ಅಳತೆಯ ಸೇರು ಇಂದು ಹೀಗೆ ರೂಪ ಬದಲಿಸಿದೆ ಎನ್ನಬಹುದು.

ಆದ್ದರಿಂದ ನೇರವಾಗಿ ಆ ನಾಲ್ಕು ಕಂಪನಿಗಳಲ್ಲಿ ಒಂದರ ಸ್ವಂತ ಜಾಲತಾಣಕ್ಕೆ ಹೋಗಬೇಕು. ಜಾಹೀರಾತನ್ನು ಒತ್ತಿ ಹೋಗಬಾರದು. ಉಚಿತ ವಾರ್ಷಿಕ ವರದಿಯ ಕೊಂಡಿಯನ್ನು ಎದ್ದು ಕಾಣುವಂತೆ ಇಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲಿ ಈ ಕಂಪನಿಗಳಿಗೆ ಹೇಳಿತು. ಆ ಕೊಂಡಿಯನ್ನೇ ಹುಡುಕಬೇಕು. ಹೆಸರು, ಜನ್ಮದಿನಾಂಕ, ಪ್ಯಾನ್ ಮುಂತಾದ ಗುರುತು ಮತ್ತು ಮೊಬೈಲಿಗೆ ಬರುವ ಒ.ಟಿ.ಪಿ. ಸಾಕು. ಉಚಿತ ವರದಿಗೆ ಎ.ಟಿ.ಎಂ. ಅಥವಾ ಕ್ರೆಡಿಟ್ ಕಾರ್ಡಿನ ಸಂಖ್ಯೆ ಬೇಕಾಗಿಲ್ಲ. ಕಾರ್ಡು ಕೇಳಿದ ಕೂಡಲೇ ಅಲ್ಲಿಂದ ಹಿಂದೆ ಸರಿಯುವುದು ಒಳ್ಳೆಯದು. ಮೊದಲೇ ಟಿಕ್ ಹಾಕಿಟ್ಟ ಚೌಕಗಳಿದ್ದರೆ ಓದಿ ತೆಗೆದುಹಾಕಬೇಕು. ಫೋನಿನಲ್ಲಿ ಒ.ಟಿ.ಪಿ. ಕೇಳುವವರಿಗೆ ಅದನ್ನು ಹೇಳಲೇಬಾರದು.

ಇನ್ನೊಂದು ಉಪಾಯವಿದೆ. ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಉಚಿತ ವರದಿ ಕೊಡಬೇಕಾದ್ದರಿಂದ, ಮೂರು ತಿಂಗಳಿಗೊಂದರಂತೆ ನೋಡಿದರೆ ವರ್ಷವಿಡೀ ಒಂದು ರೂಪಾಯಿ ಖರ್ಚಿಲ್ಲದೆ ಕಣ್ಣಿಟ್ಟಂತಾಗುತ್ತದೆ. ಹೆಚ್ಚಿನ ಪ್ರತಿ ಬೇಕಾದರೂ ವ್ಯಕ್ತಿಯಿಂದ ವರದಿಯೊಂದಕ್ಕೆ 100 ರೂಪಾಯಿ ಮೀರದಂತೆ ಮಾತ್ರ ಶುಲ್ಕ ಪಡೆಯಬಹುದೆಂದು ಹಣಕಾಸು ಸಚಿವಾಲಯ 2025ರಲ್ಲಿ ಸಂಸತ್ತಿಗೆ ತಿಳಿಸಿದೆ. ಚಂದಾ ಬಲೆ, ಕೊನೆಯಲ್ಲಿ ತಲೆಯೆತ್ತುವ ಶುಲ್ಕ ಮೊದಲಾದ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ಸಿಕ್ಕಿಬಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು.

ತಪ್ಪು ಕಂಡರೆ?

ವರದಿಯನ್ನು ನೋಡುವುದು ಅಂಕದ ಹೆಮ್ಮೆಗಲ್ಲ, ತಪ್ಪನ್ನು ಹಿಡಿಯುವುದಕ್ಕೆ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ಬರೆದಿರಬಹುದು. ನಮ್ಮ ಕಡೆ ಒಂದೇ ಹೆಸರಿನವರು, ಒಂದೇ ಮನೆತನದವರು ಬಹಳ; ಒಬ್ಬರ ಸಾಲ ಇನ್ನೊಬ್ಬರ ಲೆಕ್ಕಕ್ಕೆ ಬಿದ್ದಿರಬಹುದು. ತಾನು ಕೇಳದ ಸಾಲ ತನ್ನ ಹೆಸರಿನಲ್ಲಿ ಇರಬಹುದು. ಹೀಗೆ ಆಗಿದ್ದರೆ ಆ ಕಂಪನಿಗೂ ಬ್ಯಾಂಕಿಗೂ ಬರಹದಲ್ಲಿ ದೂರು ಕೊಡಬೇಕು. ಇದಕ್ಕೂ ಶುಲ್ಕವಿಲ್ಲ. ‘ಅಂಕ ಏರಿಸಿಕೊಡುತ್ತೇವೆ’ ಎಂದು ಹಣ ಕೇಳುವವರ ಮಾತು ನಂಬಬಾರದು. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು. ತಪ್ಪು ನಮೂದನ್ನು ನಾವೇ ಪುಕ್ಕಟೆಯಾಗಿ ತಿದ್ದಿಸಬಹುದು.

30 ದಿನಗಳಲ್ಲಿ ದೂರು ಇತ್ಯರ್ಥವಾಗದಿದ್ದರೆ ಅನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಾಯಿತು. ಈ ಕಂಪನಿಗಳು 2022ರ ಸೆಪ್ಟೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯಾಪ್ತಿಗೂ ಬಂದಿವೆ. ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಹೊಸ ವಿವರ ಕಳಿಸಬೇಕೆಂಬ ನಿಯಮ 2025ರ ಜನವರಿ 1ರಿಂದ ಬಂದ ಮೇಲೆ, ಸಾಲ ತೀರಿಸಿದವರ ಹೆಸರು ಹಿಂದಿಗಿಂತ ಬೇಗ ಶುಭ್ರವಾಗುವಂತಾಯಿತು.

ಕೊನೆಯ ಮಾತು

ಗೇಣಿ ರಶೀದಿ, ಪಿಗ್ಮಿ ಪುಸ್ತಕ, ಸಾಲದ ವರದಿ: ಮೂರೂ ಬೇರೆ ಬೇರೆ ಕಾಲದವು. ಆದರೂ ಮೂರರ ಹಿಂದೆ ಇರುವ ನ್ಯಾಯ ಒಂದೇ. ಒಬ್ಬನ ನಂಬಿಕೆಯ ಲೆಕ್ಕವನ್ನು ಇನ್ನೊಬ್ಬ ಬರೆಯಬಹುದು, ಆದರೆ ಅದನ್ನು ನೋಡುವ ಹಕ್ಕು ಲೆಕ್ಕದ ಒಡೆಯನಿಗೆ ಇರಬೇಕು. ಆ ಹಕ್ಕಿಗೆ ಬೆಲೆ ಕಟ್ಟಬಾರದು. ಈ ಹಕ್ಕು ತಾನಾಗಿ ಬಂದದ್ದಲ್ಲ. ಎಷ್ಟೋ ತಲೆಮಾರಿನ ಒಕ್ಕಲುಗಳು, ಉದ್ದರಿ ಬರೆಸಿದ ತಾಯಂದಿರು ನೋಡಲಾಗದೆ ಹೋದ ಪುಟವನ್ನು ನಾವು ಈಗ ನೋಡಬಹುದಾಗಿದೆ.

ಶಾಲೆಯಲ್ಲಿರುವ ನಿಮಗೆ ಇನ್ನೂ ಅಂಕ ಇಲ್ಲದಿರಬಹುದು. ಆದರೆ ಮನೆಯಲ್ಲಿ ಅಪ್ಪಯ್ಯನ ಮೀನುಗಾರಿಕೆಯ ಸಾಲ, ಅಮ್ಮನ ಸಂಘದ ಸಾಲ, ಅಣ್ಣನ ರಿಕ್ಷಾದ ಸಾಲ ಇದ್ದೀತು. ಇಂಗ್ಲಿಷಿನಲ್ಲಿರುವ ಆ ವರದಿಯನ್ನು ಅವರೊಡನೆ ಕುಳಿತು ಓದಿ ಹೇಳಬಲ್ಲವರು ನೀವೇ. ಮುಂದೊಂದು ದಿನ ನಿಮ್ಮ ಸ್ವಂತ ವಾಹನ ಆನೆಗುಡ್ಡೆಯ ಮೆಟ್ಟಿಲ ಬಳಿ ಹಾರ ಹಾಕಿಕೊಂಡು ನಿಲ್ಲುವಾಗ, ಅದರ ಹಿಂದಿನ ಲೆಕ್ಕವೂ ನಿಮಗೆ ಪೂರ್ತಿ ತಿಳಿದಿರಲಿ.